ಹಿಮಪಾತ: ಬೀಳುವ ಹಿಮವೋ, ಜಾರುವ ಹಿಮವೋ?

ಪದಬಲ್ಲ ಮಿತ್ರರಿಗೆ ನಮಸ್ಕಾರ.

ಬೆಂಗಳೂರಿನ ಒಂದು ಚಾರಣ ಬಳಗ ಈ ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದೆ. ಫೋಟೊ ತೆಗೆಸಿಕೊಂಡು ಬರುವ ಪ್ರವಾಸವಲ್ಲ, ಸ್ಕೀಯಿಂಗ್ ಮಾಡಲೆಂದೇ ಹೋಗುತ್ತಿದ್ದಾರೆ. ಜೋರಾಗಿ ಹಿಮ ಬಿದ್ದ ಮರುದಿನ ಇಳಿಜಾರುಗಳ ಸ್ಥಿತಿ ಏನಾಗಿರುತ್ತದೆ, ಯಾವಾಗ ಮೇಲೆ ಹೋಗಬಹುದು, ಯಾವಾಗ ಕೋಣೆಯಲ್ಲೇ ಕಹ್ವಾ ಕುಡಿಯುತ್ತ ಕೂರುವುದು ಲೇಸು ಎಂಬುದನ್ನು ಕನ್ನಡದಲ್ಲಿ ತಿಳಿಸುವ ಪುಟ್ಟ ಕೈಪಿಡಿಯನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮ ನಿಘಂಟು ಮತ್ತು ಪತ್ರಿಕೆಗಳನ್ನು ನಂಬಿಕೊಂಡು ಬರೆದರೆ ಅದರ ಮುಖ್ಯ ವಾಕ್ಯ ಹೀಗಾಗುತ್ತದೆ:

“ಭಾರೀ ಹಿಮಪಾತವಾದ ನಂತರದ ಒಂದೆರಡು ದಿನ ಹಿಮಪಾತದ ಅಪಾಯ ಹೆಚ್ಚು.”

ಓದಿದವರು ನಗುತ್ತಾರೆ, ಇಲ್ಲವೇ ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ. ಆದರೆ ಎರಡೂ ಕಡೆ ಆ ಪದ ಕನ್ನಡದಲ್ಲಿ ಚಾಲ್ತಿಯಲ್ಲಿರುವ ಅರ್ಥದಲ್ಲೇ ಇದೆ. ಆಕಾಶದಿಂದ ಹಿಮ ಉದುರುವುದೂ ಹಿಮಪಾತ, ಬೆಟ್ಟದ ಮೈಯಿಂದ ಹಿಮದ ರಾಶಿ ಕಿತ್ತುಕೊಂಡು ನುಗ್ಗುವುದೂ ಹಿಮಪಾತ. ಶಿಮ್ಲಾದ ಸುದ್ದಿಯಲ್ಲಿ ಪ್ರವಾಸಿಗರು ಹಿಮಪಾತ ಕಂಡು ಕುಣಿಯುತ್ತಾರೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಮತ್ತು ಸಂಗಡಿಗರ ಮೇಲೆ ಹಿಮದ ಗೋಡೆ ಕುಸಿದಾಗ ಕನ್ನಡ ಮಾಧ್ಯಮಗಳಲ್ಲಿ ಹಿಮಪಾತ, ಹಿಮಕುಸಿತ, ಹಿಮಪ್ರವಾಹ ಮೂರೂ ಬಂದವು. ಒಂದೇ ವರದಿಯಲ್ಲಿ ತಲೆಬರಹಕ್ಕೊಂದು, ಒಳಗೊಂದು ಇದ್ದದ್ದೂ ಉಂಟು. ಇಡೀ ನಾಡು ಅವರ ಜೀವಕ್ಕಾಗಿ ಹರಕೆ ಹೊತ್ತಿದ್ದ ಆ ದಿನಗಳಲ್ಲಿ ಪದದ ತಕರಾರು ಎತ್ತುವುದು ಸಲ್ಲದು, ಯಾರೂ ಎತ್ತಲಿಲ್ಲ. ಕೈಪಿಡಿಯ ಮಾತು ಬೇರೆ. ಮೊದಲನೆಯ ಹಿಮಪಾತವಾದರೆ ಸ್ಕೀ ಮಾಡುವವರಿಗೆ ಹಬ್ಬ. ಎರಡನೆಯದಕ್ಕೆ ಸಿಕ್ಕಿದವರನ್ನು ಹದಿನೈದು ನಿಮಿಷದೊಳಗೆ ಅಗೆದು ತೆಗೆಯದಿದ್ದರೆ ಬದುಕುವ ಆಸೆ ಸರಸರನೆ ಇಳಿಯುತ್ತದೆ. (ಹನುಮಂತಪ್ಪ ಆರು ದಿನದ ಮೇಲೆ ಉಸಿರಾಡುತ್ತಲೇ ಸಿಕ್ಕಿದ್ದು ಅಪವಾದಗಳಲ್ಲಿ ಅಪವಾದ. ಅದನ್ನು ನೆನೆದು ಯಾರೂ ಧೈರ್ಯ ತಂದುಕೊಳ್ಳಬಾರದು ಎಂದು ಕೈಪಿಡಿಯಲ್ಲಿ ಬೇರೆಯೇ ಒಂದು ಸಾಲು ಹಾಕಿದ್ದೇನೆ.)

ಈ ಗೊಂದಲಕ್ಕೆ ಬರೆಯುವವರ ಉದಾಸೀನವೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳಲಾರೆ. ಪದದ ಒಳಗೇ ಎರಡು ದಾರಿಗಳಿವೆ. ಉಲ್ಕಾಪಾತ ಎಂದರೆ ಉಲ್ಕೆ ಆಕಾಶದಿಂದ ಬೀಳುವುದು. ಆ ದಾರಿ ಹಿಡಿದರೆ ಹಿಮಪಾತ ಮೋಡದಿಂದ ಬೀಳುವ ಹಿಮ. ಆದರೆ ಜಲಪಾತ ಎಂದರೆ ಮಳೆಯಲ್ಲವಲ್ಲ! ಎತ್ತರದಿಂದ ಬಂಡೆಯ ಮೇಲೆ ಧುಮುಕುವ ನೀರು ಅದು. ಜೋಗವನ್ನು ಕಂಡ ಕನ್ನಡಿಗನ ಕಿವಿಗೆ ‘ಪಾತ’ ಎಂದೊಡನೆ ಕೇಳಿಸುವುದು ಆ ಭೋರ್ಗರೆತವೇ. ಆ ದಾರಿಯಲ್ಲಿ ಹೋದರೆ ಹಿಮಪಾತ ಎಂದರೆ ಬೆಟ್ಟದಿಂದ ಧುಮುಕುವ ಹಿಮವೇ ಆಗಬೇಕು. ಎರಡರಲ್ಲಿ ಯಾವುದನ್ನೂ ತಪ್ಪು ಎನ್ನಲು ವ್ಯಾಕರಣ ನೆರವಿಗೆ ಬರುವುದಿಲ್ಲ. ಬಳಕೆಯೇ ತೀರ್ಮಾನಿಸಬೇಕು, ಮತ್ತು ಬಳಕೆ ಇನ್ನೂ ತೀರ್ಮಾನಿಸಿಲ್ಲ.

ಹಿಂದಿಯವರು ಬೀಳುವುದಕ್ಕೆ ಹಿಮಪಾತ, ಬರ್ಫ್‌ಬಾರಿ ಎಂದೂ ಜಾರುವುದಕ್ಕೆ ಹಿಮಸ್ಖಲನ ಎಂದೂ ಹಂಚಿಕೊಂಡಿದ್ದಾರೆ. ಹಿಮಸ್ಖಲನವನ್ನು ನಾವೂ ಎರವಲು ತರಬಹುದೆಂದು ಒಬ್ಬ ಹಿರಿಯರು ಸೂಚಿಸಿದರು. ಆದರೆ ಸ್ಖಲನ ಎಂಬುದು ಕನ್ನಡದಲ್ಲಿ ವೈದ್ಯರ ಅಂಕಣದ ಪದವಾಗಿ ನೆಲೆನಿಂತಿದೆ. ಅದನ್ನು ಬೆಟ್ಟಕ್ಕೆ ಅಂಟಿಸಿದರೆ ಎಚ್ಚರಿಕೆಯ ಫಲಕದ ಮುಂದೆ ಹುಡುಗರು ಕಿಸಕ್ಕನೆ ನಗುತ್ತಾರೆ.

ಹಾಗಾಗಿ ಸದ್ಯಕ್ಕೆ ಬೀಳುವುದಕ್ಕೆ ‘ಹಿಮಸುರಿತ’, ಜಾರುವುದಕ್ಕೆ ‘ಹಿಮಕುಸಿತ’ ಎಂದು ಇಟ್ಟುಕೊಂಡು, ಹಿಮಪಾತವನ್ನು ಕೈಪಿಡಿಯಿಂದಲೇ ಹೊರಗಿಟ್ಟಿದ್ದೇನೆ. ಅಪಾಯದ ವಿಷಯದಲ್ಲಿ ಎರಡರ್ಥದ ಪದಕ್ಕೆ ಒಂದರ್ಥ ಕೊಟ್ಟು ಕೂರಿಸುವುದಕ್ಕಿಂತ ಅದನ್ನು ಬಿಟ್ಟುಬಿಡುವುದೇ ಕ್ಷೇಮ ಎಂಬುದು ನನ್ನ ನಿಲುವು. ಓದುವವನು ಕೈಪಿಡಿಯ ಪದಾರ್ಥಪುಟವನ್ನು ನೋಡಿಕೊಂಡು ಬೆಟ್ಟ ಹತ್ತುವುದಿಲ್ಲ. ತಾನು ಮೊದಲೇ ಅರಿತ ಅರ್ಥವನ್ನೇ ಹೊತ್ತುಕೊಂಡು ಬರುತ್ತಾನೆ. ‘ಮಂಜು ಬೀಳುತ್ತಿದೆ’ ಎಂದು ಸರಳವಾಗಿ ಬರೆಯಬಾರದೇ ಎಂದರೆ, ಮಡಿಕೇರಿ, ಚಿಕ್ಕಮಗಳೂರಿನವರಿಗೆ ಅದು ಮುಸುಕುವ ಮಂಜು, ಹಳೇ ಮೈಸೂರಿನವರಿಗೆ ಬೆಳಗಿನ ಇಬ್ಬನಿ. ಗಾಡಿಯ ದೀಪ ಹಾಕಿಕೊಂಡರೆ ಸಾಕು ಎನಿಸುವಂಥ ಪದ.

ಹಿಮಕುಸಿತಕ್ಕೂ ಒಂದು ತೊಡಕಿದೆ. ಬೆಲೆ ಕುಸಿತ, ತಾಪಮಾನ ಕುಸಿತ, ಮತ ಪ್ರಮಾಣ ಕುಸಿತ ಎಂದು ಕುಸಿತವನ್ನು ‘ಇಳಿಕೆ’ಗೆ ಬಳಸಿ ಬಳಸಿ ಸವೆಸಿದ್ದೇವೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವಿಲ್ಲದೆ ಕಂದು ಬಣ್ಣಕ್ಕೆ ತಿರುಗಿತ್ತು. ಆಗ ‘ಗುಲ್ಮಾರ್ಗ್‌ನಲ್ಲಿ ಹಿಮ ಕುಸಿತ’ ಎಂದು ಬರೆದಿದ್ದರೆ ಹಿಮ ಕಡಿಮೆಯಾಯಿತು ಎಂದೇ ಓದಬಹುದಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ ಹಿಮ ಧಾರಾಳವಾಗಿ ಸುರಿದು, ಕುಸಿದು, ರಷ್ಯದ ಒಬ್ಬ ಸ್ಕೀಯರ್ ಜೀವ ಕಳೆದುಕೊಂಡರು. ಅದಕ್ಕೂ ಅದೇ ತಲೆಬರಹವೇ ಸರಿಹೊಂದುತ್ತಿತ್ತು. ಎರಡು ಪದಗಳನ್ನು ಕೂಡಿಸಿ ಬರೆದರೆ ಒಂದರ್ಥ, ಬಿಡಿಸಿ ಬರೆದರೆ ಇನ್ನೊಂದು ಎನ್ನುವುದು ಫಲಕದ ಮೇಲೆ ನಿಲ್ಲುವ ವ್ಯತ್ಯಾಸವಲ್ಲ.

ಆದರೂ ಕುಸಿತವನ್ನು ಬಿಡಲು ಮನಸ್ಸಿಲ್ಲ. ಅಲ್ಲಿ ನಡೆಯುವುದನ್ನು ಅದು ಬೇರೆ ಯಾವ ಪದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಚಳಿಗಾಲದ ಆರಂಭದಲ್ಲಿ ಸ್ವಲ್ಪವೇ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಆಕಾಶ ತಿಳಿಯಾಗಿ ಚಳಿ ಕೊರೆದರೆ, ನೆಲದ ಹತ್ತಿರದ ಹರಳುಗಳು ಬೆಳೆದು ಒಂದಕ್ಕೊಂದು ಅಂಟದಂತಾಗುತ್ತವೆ. ಕೈಯಲ್ಲಿ ಹಿಡಿದರೆ ಹುರಿದ ರವೆಯಂತೆ ಬೆರಳ ಸಂದಿಯಿಂದ ಉದುರಿಹೋಗುತ್ತವೆ. ಅದರ ಮೇಲೆ ಒಂದೇ ಸಲ ಭಾರೀ ಹಿಮ ಬಿದ್ದು, ಗಾಳಿ ಅದನ್ನು ಒತ್ತಿ ಗಟ್ಟಿಮಾಡಿದರೆ ಮೇಲೊಂದು ಚಪ್ಪಡಿ ಸಿದ್ಧವಾಗುತ್ತದೆ. ಸ್ಕೀ ಮಾಡುವವನ ಭಾರ ಬಿದ್ದಾಗ ಮೊದಲು ನಡೆಯುವುದು ಜಾರುವಿಕೆಯಲ್ಲ, ಒಳಗಿನ ಆ ಸಡಿಲ ಪದರದ ಕುಸಿತ. ಕಾಲ ಕೆಳಗೆ ‘ವುಂಫ್’ ಎಂದು ಉಸಿರು ಬಿಟ್ಟ ಹಾಗೆ ಸದ್ದಾಗುತ್ತದೆ, ಇಡೀ ಮೇಲ್ಮೈ ಒಂದಿಷ್ಟು ತಗ್ಗುತ್ತದೆ, ಬಿರುಕು ಅಡ್ಡಲಾಗಿ ಓಡುತ್ತದೆ. ಇಳಿಜಾರು 30ರಿಂದ 45 ಡಿಗ್ರಿಯ ನಡುವೆ ಇದ್ದರೆ ಚಪ್ಪಡಿ ತುಂಡಾಗಿ ಹೊರಡುತ್ತದೆ. ಸಮತಟ್ಟಿನಲ್ಲಾದರೆ ಸದ್ದು ಮಾತ್ರ. ಆ ಸದ್ದೇ ಎಚ್ಚರಿಕೆ, ಹಿಂದಿರುಗಿ ಎಂದರ್ಥ.

ಮಲೆನಾಡು, ಕರಾವಳಿಯಲ್ಲಿ ಗುಡ್ಡ ‘ಜರಿಯಿತು’ ಎನ್ನುತ್ತಾರೆ, ಕೊಡಗಿನ ಕಡೆ ‘ಬರೆ ಕುಸಿತ’. ಜರಿ ಎಂಬ ಧಾತು ನನಗೆ ಬಹಳ ಇಷ್ಟ. ಆದರೆ ಹಿಮಜರಿ ಎಂದು ನಾಮಪದ ಮಾಡಿದೊಡನೆ ಅದು ರೇಷ್ಮೆ ಸೀರೆಯ ಅಂಚಾಗಿಬಿಡುತ್ತದೆ. ‘ಹಿಮಜರಿತ’ ಎಂದರೆ? ಆ ಭಾಗದವರು ಹೇಳಬೇಕು.

ಇನ್ನೊಂದು ಕಡೆ, ಒಳ್ಳೆಯ ಕನ್ನಡವೇ ಕೈಕೊಡುತ್ತಿದೆ. ಗಾಳಿಯು ತಾನು ಬೀಸುವ ಬದಿಯ ಹಿಮವನ್ನು ಕೆರೆದು, ದಿಣ್ಣೆಯ ಆಚೆ ಬದಿಗೆ ತಂದು ಸುರಿಯುತ್ತದೆ. ಮೋಡದಿಂದ ಬೀಳುವುದಕ್ಕಿಂತ ಹಲವು ಪಟ್ಟು ವೇಗವಾಗಿ ಅಲ್ಲಿ ಹಿಮ ಪೇರುತ್ತದೆ. ಹಿಮ ಬೀಳುವುದು ನಿಂತು, ಬಿಸಿಲು ಬಂದು, ಎಲ್ಲವೂ ಸುಮ್ಮನಿದೆ ಅನ್ನಿಸಿದಾಗಲೂ ಗಾಳಿಯೊಂದಿದ್ದರೆ ಈ ಹೇರಿಕೆ ನಡೆದೇ ಇರುತ್ತದೆ. ಆ ಆಚೆ ಬದಿಗೆ ‘ಗಾಳಿಮರೆ’ ಎಂದು ಬರೆದೆ. ಕಿವಿಗೆ ಹಿತವಾಗಿತ್ತು. ಆದರೆ ಮರೆ ಎಂದರೆ ನಮಗೆ ಆಸರೆ. ಮಳೆ ಬಂದರೆ ಮರೆಗೆ ನಿಲ್ಲುತ್ತೇವೆ. ಹೊಸ ಹಿಮದ ಹೊರೆ ಹೊತ್ತು ಕುಸಿಯಲು ಕಾದಿರುವ ಜಾಗಕ್ಕೆ ಇಂಥ ಅಕ್ಕರೆಯ ಹೆಸರೇ? ತೆಗೆದುಹಾಕಿ ‘ಗಾಳಿ ಹೊರೆ ಇಳಿಸುವ ಬದಿ’ ಎಂದು ಉದ್ದಕ್ಕೆ ಬರೆದಿದ್ದೇನೆ. ಗಾಳಿ ಹೊತ್ತು ತಂದ ಹಿಮಕ್ಕೆ ‘ತೂರುಹಿಮ’ ಸಾಕು, ಕಣದಲ್ಲಿ ರಾಶಿ ತೂರುವುದನ್ನು ಕಂಡವರಿಗೆ ವಿವರಣೆ ಬೇಡ. ದಿಣ್ಣೆಯ ತುದಿಯಿಂದ ಹೊರಚಾಚಿ ನಿಲ್ಲುವ ಹಿಮಕ್ಕೆ ‘ಹಿಮದ ಸೂರು’. ಇದಕ್ಕೆ ತಕರಾರು ಬರಲಾರದು.

ಪೌಡರ್ ಎಂದು ಸ್ಕೀಯರ್‌ಗಳು ಜೀವ ಬಿಡುವ ತಾಜಾ ಒಣ ಹಿಮಕ್ಕೆ ‘ಹುಡಿಹಿಮ’ ಎಂದಿದ್ದೇನೆ. ಘನ ಮೀಟರ್ ಒಂದಕ್ಕೆ 50ರಿಂದ 100 ಕೆ.ಜಿ. ತೂಗುವ, ಮಂಡಿಯವರೆಗೆ ಮುಳುಗಿದರೂ ಕಾಲಿಗೆ ತಡೆಯೊಡ್ಡದ ಹಿಮ ಅದು. ಗಾಳಿ ಒತ್ತಿದ್ದು 300 ಕೆ.ಜಿ. ದಾಟಬಹುದು. ದಕ್ಷಿಣ ಕನ್ನಡದ ಅರಶಿನ ಹುಡಿ, ಮೆಣಸಿನ ಹುಡಿಯಿಂದ ಎತ್ತಿಕೊಂಡ ಪದ. ಪುಡಿಹಿಮ ಎಂದರೆ ಯಾರೋ ಗಡ್ಡೆಯನ್ನು ಕುಟ್ಟಿ ಪುಡಿಮಾಡಿದಂತೆ ಕೇಳಿಸುತ್ತದೆ, ಹುಡಿ ಎಂದರೆ ತಾನಾಗಿಯೇ ಹಗುರ. ಉತ್ತರ ಕರ್ನಾಟಕದವರಿಗೆ ಇದು ಒಗ್ಗುತ್ತದೆಯೇ? ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಗಟ್ಟಿಯಾದ ಮೇಲ್ಪದರಕ್ಕೆ ‘ಹಕ್ಕಳೆ’. ಹಿಮ, ಮೋಡ, ಬೆಳಕು ಎಲ್ಲ ಒಂದೇ ಬಿಳಿಯಾಗಿ ಇಳಿಜಾರು ಎತ್ತ ಇದೆ ಎಂದೇ ತಿಳಿಯದಾಗುವ ಸ್ಥಿತಿಗೆ ‘ಬಿಳಿಗತ್ತಲೆ’. ಈ ಕೊನೆಯದು ನನಗೇ ಸ್ವಲ್ಪ ಹೆಮ್ಮೆಯದು, ಹೊಗಳಿದರೆ ಬೇಡ ಎನ್ನುವುದಿಲ್ಲ.

ಹಿಮದ ಅಳತೆಯಲ್ಲೂ ಪತ್ರಿಕೆಗಳು ಎಡವುತ್ತವೆ. ‘ಎರಡು ಅಡಿ ಹಿಮ’ ಎಂದರೆ ನಿನ್ನೆಯಿಂದ ಬಿದ್ದದ್ದೋ, ನೆಲದ ಮೇಲೆ ಒಟ್ಟು ಇರುವುದೋ? ಹಿಮ ಬಿದ್ದ ಮೇಲೆ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಹಾಗಾಗಿ ಹಲಗೆಯೊಂದನ್ನು ಇಟ್ಟು, ಅಳೆದು, ಗುಡಿಸಿ, ಮತ್ತೆ ಇಡುತ್ತಾರೆ. ‘ಬಿದ್ದ ಹಿಮ’, ‘ನಿಂತ ಹಿಮ’ ಎಂದು ಬೇರ್ಪಡಿಸಿದ್ದೇನೆ.

ಗುಲ್ಮಾರ್ಗ್‌ನಲ್ಲಿ ಇದೆಲ್ಲ ಏಕೆ ಮುಖ್ಯವೆಂದರೆ ಅಲ್ಲಿನ ನೆಲದ ರಚನೆ. ಸುಮಾರು 2,650 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ ಹೊಸಬರು ಕಲಿಯುವ ಹದವಾದ ಇಳಿಜಾರುಗಳಿವೆ. ಅಲ್ಲಿಂದ ಗೊಂಡೊಲಾ (ಕೇಬಲ್ ಕಾರ್) ಮೊದಲ ಹಂತದಲ್ಲಿ ಕೊಂಗ್‌ದೂರಿಗೆ, ಎರಡನೆಯ ಹಂತದಲ್ಲಿ ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ ಕರೆದೊಯ್ಯುತ್ತದೆ. ಟಿಕೆಟ್ ಕೊಂಡ ಯಾರೂ ಅಷ್ಟು ಎತ್ತರಕ್ಕೆ ಹೋಗಬಹುದು. ಆದರೆ ಮೇಲಿನದು ಬಹುಪಾಲು ಯಂತ್ರ ಹದಗೊಳಿಸದ ಬೆಟ್ಟ. ಭಾರೀ ಹಿಮವಾದಾಗ ಎರಡನೆಯ ಹಂತವನ್ನು ನಿಲ್ಲಿಸುತ್ತಾರೆ. ಪ್ರವಾಸಿಗರು ಗೊಣಗುತ್ತಾರೆ, ಗೊಣಗಲಿ. 2010ರ ಫೆಬ್ರವರಿ 8ರಂದು ಗುಲ್ಮಾರ್ಗ್ ಮೇಲಿನ ಖಿಲನ್‌ಮರ್ಗ್‌ನಲ್ಲಿ ತರಬೇತಿಯಲ್ಲಿದ್ದ ಸೇನೆಯ ಯುದ್ಧಶಾಲೆಯ 17 ಮಂದಿ ಹಿಮದಡಿ ಸತ್ತರು. ಹಿಮದಲ್ಲಿ ನಡೆಯುವುದನ್ನೇ ಕಲಿಯುತ್ತಿದ್ದ ಸೈನಿಕರು ಅವರು.

ಕೊನೆಯ ಪ್ರಶ್ನೆ, ನನ್ನನ್ನು ಹೆಚ್ಚು ಕಾಡುತ್ತಿರುವುದು. ಕುಸಿತದ ಅಪಾಯವನ್ನು ಐದು ಹಂತಗಳಲ್ಲಿ ಹೇಳುತ್ತಾರೆ. ಮೊದಲೆರಡು ‘ಕಡಿಮೆ’, ‘ಮಧ್ಯಮ’. ಕೊನೆಯೆರಡು ‘ಹೆಚ್ಚು’, ‘ಅತಿ ಹೆಚ್ಚು’. ನಡುವಿನ ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ಕನ್ಸಿಡರೆಬಲ್ ಎನ್ನುತ್ತಾರೆ, ಕನ್ನಡದಲ್ಲಿ ಥಟ್ಟನೆ ಹೊಳೆಯುವುದು ‘ಗಣನೀಯ’. ಗಣನೀಯ ಸಾಧನೆ, ಗಣನೀಯ ಪ್ರಗತಿ ಎಂದು ಬಹುಮಾನ ಪಡೆದ ಪದ ಅದು. ‘ಗಣನೀಯ ಅಪಾಯ’ ಎಂದರೆ ಅಪಾಯಕ್ಕೆ ಹಾರ ಹಾಕಿದಂತಾಗುತ್ತದೆ. ಜೊತೆಗೆ ಐದರ ನಡುವಿನದು ಎರಡನೆಯ ‘ಮಧ್ಯಮ’ವೇ ಇರಬೇಕು ಎಂಬ ಗೊಂದಲ ಬೇರೆ. ಈ ಮೂರನೆಯ ಹಂತದಲ್ಲೇ ಹೆಚ್ಚು ಸ್ಕೀಯರ್‌ಗಳು ಸಾಯುತ್ತಾರೆ. ನಾಲ್ಕೆಂದರೆ ಜನ ಹೆದರಿ ಒಳಗುಳಿಯುತ್ತಾರೆ, ಮೂರೆಂದರೆ ‘ನಡುವಿನದು ತಾನೇ’ ಎಂದು ಹೊರಡುತ್ತಾರೆ. ಹಂತದಿಂದ ಹಂತಕ್ಕೆ ಅಪಾಯ ಒಂದೊಂದೇ ಮೆಟ್ಟಿಲಾಗಿ ಏರದೆ ದುಪ್ಪಟ್ಟಿನ ಲೆಕ್ಕದಲ್ಲಿ ಏರುತ್ತದೆ. ‘ತೀವ್ರ’ ಎಂದರೆ ನಾಲ್ಕನೆಯದನ್ನು ಮೀರಿಸುತ್ತದೆ. ‘ಸಾಕಷ್ಟು’ ಎಂದರೆ ತಮಾಷೆ. ‘ಬಲವಾದ’ ಎಂದು ಬರೆದು ಅಳಿಸಿದ್ದೇನೆ.

ಸೇನೆಯಲ್ಲಿದ್ದು ಆ ಕಡೆ ಇದ್ದು ಬಂದವರು ಈ ಬಳಗದಲ್ಲಿದ್ದರೆ, ಕನ್ನಡಿಗ ಸೈನಿಕರು ತಮ್ಮತಮ್ಮಲ್ಲಿ ಮಾತಾಡುವಾಗ ಹಿಮ ಜಾರುವುದಕ್ಕೆ ಏನನ್ನುತ್ತಾರೆ ಎಂದು ತಿಳಿಸಿ. ಬರೀ ‘ಅವಲಾಂಚ್’ ಎನ್ನುತ್ತಾರೆಂದರೆ ಅದನ್ನೂ ಹೇಳಿ, ಸಂಕೋಚ ಬೇಡ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಸ್ಕೀಯಿಂಗ್‌ನಲ್ಲಿ ಪದಕ ತಂದ ಮೇಲೆ ಈ ಆಟದ ಸುದ್ದಿ ಕನ್ನಡ ಕ್ರೀಡಾಪುಟಕ್ಕೂ ಬರತೊಡಗಿದೆ, ಕ್ರೀಡಾ ವರದಿಗಾರರು ಯಾವ ಪದ ಬಳಸುತ್ತಿದ್ದಾರೆ ಎಂಬುದೂ ಬೇಕು. ಡಿಸೆಂಬರ್ 21ಕ್ಕೆ ಕಾಶ್ಮೀರದಲ್ಲಿ ಚಿಲ್ಲೈ ಕಲಾನ್, ಅಂದರೆ ನಲವತ್ತು ದಿನಗಳ ಕಡುಚಳಿ, ಶುರುವಾಗುತ್ತದೆ. ಅದಕ್ಕೆ ಒಂದು ವಾರ ಮುಂಚೆ ಕೈಪಿಡಿ ಅಚ್ಚಿಗೆ ಹೋಗಬೇಕು. ಬೇರೆಲ್ಲವನ್ನೂ ಆಮೇಲೆ ಚರ್ಚಿಸಬಹುದು. ಮೂರನೆಯ ಹಂತಕ್ಕೊಂದು ಪದವನ್ನು ಮೊದಲು ಕೊಡಿ.