ಹೈಕೋರ್ಟು ‘ತಹಶೀಲ್ದಾರರನ್ನೇ ಕೇಳಿ’ ಅಂದಿದೆ, ಮುಂದೇನು? ವಕೀಲರ ಜೊತೆ ಪ್ರಶ್ನೋತ್ತರ, ತುಮಕೂರು

ತೆಂಗಿನತೋಟ: ಮೇಡಂ, ಅಪ್ಪ ಹೋದ ಮೇಲೆ ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಕೊಟ್ಟು ಎರಡು ವರ್ಷ ಅಲೆದೆವು. ಕೊನೆಗೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದೆವು. ‘ಆದೇಶದ ಪ್ರತಿ ತಲುಪಿದ 8 ವಾರದೊಳಗೆ ಮನವಿ ಪರಿಗಣಿಸಿ’ ಅಂತ ತಹಶೀಲ್ದಾರರಿಗೆ ಹೇಳಿ ಕೇಸು ಮುಗಿಸಿದರು. ಏಳು ತಿಂಗಳಾಯ್ತು, ಏನೂ ಇಲ್ಲ. ನಾವು ಗೆದ್ದೆವಾ, ಸೋತೆವಾ?

ವಕೀಲರು: ಎರಡೂ ಅಲ್ಲ. ಆದೇಶದ ಸರ್ಟಿಫೈಡ್ ಕಾಪಿಯನ್ನು ತಹಶೀಲ್ದಾರರ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟಿರಾ?

ತೆಂಗಿನತೋಟ: ಇಲ್ಲ. ಕೋರ್ಟೇ ಕಳಿಸುತ್ತೆ ಅಂದುಕೊಂಡೆವು. ಪಹಣಿ ಜೊತೆ ಬೀರುವಿನಲ್ಲಿದೆ.

ವಕೀಲರು: ನನಗೆ ಭಯ ಇದ್ದದ್ದೇ ಅದು. ನಿಮ್ಮ 8 ವಾರ ಇನ್ನೂ ಶುರುವೇ ಆಗಿಲ್ಲ ಅಂತ ಅವರು ಹೇಳಬಹುದು. ನಾಳೆಯೇ ಹೋಗಿ. ಮನವಿ, ಆದೇಶದ ಪ್ರತಿ, ಒಂದು ಪುಟದ ಪತ್ರ ಸೇರಿಸಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ. 8 ವಾರ ಕಳೆದರೂ ಸುಮ್ಮನಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. 1971ರ ಕಾಯ್ದೆಯ 20ನೇ ಕಲಂ ಪ್ರಕಾರ ಅದಕ್ಕೆ ಒಂದೇ ವರ್ಷ ಅವಧಿ. ಇನ್ನೊಂದು ಮಾತು. ‘ಪರಿಗಣಿಸಿ’ ಅಂದರೆ ‘ಖಾತೆ ಮಾಡಿಕೊಡಿ’ ಅಂತಲ್ಲ. ಕಾರಣ ಬರೆದು ತಿರಸ್ಕರಿಸಿದರೂ ಕೋರ್ಟಿನ ಮಾತು ನಡೆಸಿದಂತೆಯೇ. ಹಾಗಾದರೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೈಯಲ್ಲಿ ಹಿಡಿದು ಮತ್ತೆ ಹೈಕೋರ್ಟಿಗೆ ಓಡಬೇಡಿ. ಮ್ಯುಟೇಶನ್ (ಖಾತೆ ಬದಲಾವಣೆ) ಆದೇಶದ ಮೇಲೆ ಭೂಕಂದಾಯ ಕಾಯ್ದೆ 136(2) ಅಡಿ ಎಸಿ (ಉಪವಿಭಾಗಾಧಿಕಾರಿ) ಹತ್ತಿರ ಮೇಲ್ಮನವಿ, 60 ದಿನದೊಳಗೆ. ನಿಮ್ಮ ಖಾತೆಗೆ ಯಾರಾದರೂ ತಕರಾರು ಹಾಕಿದ್ದಾರಾ?

ತೆಂಗಿನತೋಟ: ಚಿಕ್ಕಪ್ಪ ಹಾಕಿದ್ದಾರೆ.

ವಕೀಲರು: ಇದನ್ನು ಮೊದಲೇ ಹೇಳಬೇಕಿತ್ತು! ಹಕ್ಕಿನ ಜಗಳವೇ ಇದ್ದರೆ ಅದನ್ನು ತಹಶೀಲ್ದಾರರು ತೀರಿಸಲಾರರು. ಸಿವಿಲ್ ಕೋರ್ಟಿಗೇ ಹೋಗಬೇಕು. ಕಾಗದ ತಗೊಂಡು ಬನ್ನಿ, ನೋಡೋಣ.

ಹುಣಸೆಮರ: ಒಂದು ಫಾರ್ವರ್ಡ್ ಬಂದಿದೆ. ಹಳೇ ಕೇಸಿಗೆ ಹೊಸ ಮನವಿ ಕೊಟ್ಟರೆ ಕಾಲಮಿತಿ ಹೊಸದಾಗಿ ಶುರುವಾಗುತ್ತಂತೆ.

ವಕೀಲರು: ಸುಳ್ಳು. ಮನವಿಗೆ ಉತ್ತರ ಬಂದ ಮಾತ್ರಕ್ಕೆ ಕಾಲಮಿತಿ ಮುಗಿದು ಸತ್ತ ಕೇಸಿಗೆ ಜೀವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಇಂಥದ್ದನ್ನು ನಂಬಿ ಜಮೀನು ಕಳೆದುಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಹಂಚಬೇಡಿ.

ರಾಗಿಹೊಲ: ಎರಡು ವರ್ಷ ಸತಾಯಿಸಿದವರ ಹತ್ತಿರವೇ ವಾಪಸ್ ಕಳಿಸೋದು ನ್ಯಾಯವಾ? ಕೋರ್ಟು ಕೈ ತೊಳೆದುಕೊಂಡಿತು ಅಷ್ಟೇ.

ಕೆರೆಏರಿ: ವಂಶವೃಕ್ಷ, ಪಹಣಿ, ಮಹಜರು ಎಲ್ಲ ಬೆಂಗಳೂರಲ್ಲಿ ಕೂತು ಜಡ್ಜ್ ನೋಡಬೇಕಾ? ಗಡುವು ಕೊಟ್ಟಿದ್ದಾರಲ್ಲ.

ರಾಗಿಹೊಲ: ಗಡುವು ಯಾರು ಪಾಲಿಸ್ತಾರೆ? ನಿಮ್ಮನೆಯವರು ಸರ್ಕಾರಿ ನೌಕರಿಯಲ್ಲಿದ್ದಾರೆ, ಅದಕ್ಕೇ ಈ ಮಾತು.

ಕೆರೆಏರಿ: ಮನೆ ವಿಷಯ ಎತ್ತಬೇಡಿ.

ಬೆಟ್ಟದತಪ್ಪಲು: ಮೇಡಂ, ಅಮ್ಮನ ವಿಧವಾ ವೇತನ ನಿಂತಿದೆ, ಇದಕ್ಕೂ ರಿಟ್ ಹಾಕಬಹುದಾ?

ಹುಣಸೆಮರ: 8 ವಾರ ಯಾವತ್ತಿಂದ ಲೆಕ್ಕ?

ವಕೀಲರು: ಮೇಲೆ ಬರೆದಿದ್ದೇನೆ. ಓದಿ.

ರಾಗಿಹೊಲ: ಕೆರೆಏರಿಯವರೇ, ಉತ್ತರ ಕೊಡಿ.