ವರ್ಷಾಂತ್ಯದ ಉಡುಗೊರೆಗೆ ಅರ್ಹ ಸದಸ್ಯರನ್ನು ಆರಿಸುವುದು ಹೇಗೆ?

ಪ್ರಶ್ನೆ — ಇರುಳುನೋಟ (ಬಳಗದ ಸಂಚಾಲಕರು)

ಸದಸ್ಯರೆಲ್ಲರಿಗೂ ನಮಸ್ಕಾರ. ನಮ್ಮ ಆಕಾಶವೀಕ್ಷಣಾ ಬಳಗದಲ್ಲಿ ವರ್ಷವಿಡೀ ಎಲ್ಲರೂ ಸ್ವಲ್ಪಸ್ವಲ್ಪವಾಗಿ ಕೂಡಿಸಿದ ಹಣದಿಂದ ವರ್ಷಾಂತ್ಯದ ರಜೆಯ ಹೊತ್ತಿಗೆ ಒಬ್ಬ ಸದಸ್ಯರಿಗೆ ಉಡುಗೊರೆ ಕಳುಹಿಸುವ ಪದ್ಧತಿ ಇದೆಯಷ್ಟೆ. ಈ ಬಾರಿ 200 ಮಿಲಿಮೀಟರ್ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ (ಸರಳ ಪೀಠದ ಮೇಲೆ ಕೂರಿಸಿ ಕೈಯಿಂದಲೇ ತಿರುಗಿಸುವ ದೂರದರ್ಶಕ) ಕೊಡೋಣವೆಂದು ಬಹುಪಾಲು ಸದಸ್ಯರು ಸೂಚಿಸಿದ್ದಾರೆ. ಏನು ಕೊಡಬೇಕೆಂಬುದು ಬೇಗನೆ ತೀರ್ಮಾನವಾಯಿತು; ಯಾರಿಗೆ ಕೊಡಬೇಕೆಂಬ ಪ್ರಶ್ನೆ ಮಾತ್ರ ನನ್ನನ್ನು ಕೆಲವು ವಾರಗಳಿಂದ ಕಾಡುತ್ತಿದೆ.

ಇದುವರೆಗೆ ನಾವು ಹೆಸರುಗಳನ್ನು ಬಹಿರಂಗವಾಗಿ ಸೂಚಿಸಿ, ಬಹಿರಂಗವಾಗಿಯೇ ಮತ ಹಾಕುತ್ತಿದ್ದೆವು. ಇದರಿಂದಾಗಿ ನೀಹಾರಿಕೆಗಳ ಸುಂದರವಾದ ಛಾಯಾಚಿತ್ರಗಳನ್ನು ಹಾಕುವವರೇ ಮತ್ತೆಮತ್ತೆ ಗೆದ್ದರು. ಅವರು ಅರ್ಹರಲ್ಲವೆಂದು ನಾನು ಹೇಳುವುದಿಲ್ಲ, ಆದರೆ ಅವರಲ್ಲಿ ಹೆಚ್ಚಿನವರ ಬಳಿ ಒಳ್ಳೆಯ ಉಪಕರಣಗಳು ಮೊದಲೇ ಇದ್ದವು. ಈ ಕೊರತೆಯನ್ನು ತುಂಬಬೇಕೆಂಬ ಆತುರದಲ್ಲಿ ಕಳೆದ ವರ್ಷ ನಾನೊಂದು ತಪ್ಪು ಮಾಡಿದೆ. ಒಬ್ಬ ಸದಸ್ಯರು ನನ್ನೊಬ್ಬನಿಗೇ ಹೇಳಿಕೊಂಡಿದ್ದ ಕಷ್ಟವನ್ನು, ಅವರ ಪರವಾಗಿ ಮತ ಬರಲೆಂಬ ಒಳ್ಳೆಯ ಉದ್ದೇಶದಿಂದಲೇ, ಎಲ್ಲರೂ ಓದುವಲ್ಲಿ ಬರೆದುಬಿಟ್ಟೆ. ಮತಗಳೇನೋ ರಾಶಿಯಾಗಿ ಬಂದವು. ಅವರು ಮಾತ್ರ ಉಡುಗೊರೆಯನ್ನು ಒಪ್ಪಿಕೊಳ್ಳಲಿಲ್ಲ, ಎರಡು ವಾರಗಳೊಳಗೆ ಬಳಗವನ್ನೇ ಬಿಟ್ಟರು. ಅವರಿಗೆ ಕ್ಷಮೆ ಕೇಳಿ ಬರೆದ ಪತ್ರಕ್ಕೆ ಇಂದಿಗೂ ಉತ್ತರ ಬಂದಿಲ್ಲ, ಬರಲೇಬೇಕೆಂದು ನಾನು ನಿರೀಕ್ಷಿಸುವಂತೆಯೂ ಇಲ್ಲ.

ಆದ್ದರಿಂದ ಈ ವರ್ಷ ಹೆಸರುಗಳನ್ನು ಕರೆಯುವ ಮೊದಲೇ ನಿಮ್ಮ ಸಲಹೆ ಕೇಳುತ್ತಿದ್ದೇನೆ. ಅರ್ಹತೆ ಎಂದರೆ ಬಳಗಕ್ಕೆ ಮಾಡಿದ ಕೆಲಸವೋ, ಉಪಕರಣದ ಅಗತ್ಯವೋ? ಆಯ್ಕೆಯನ್ನು ಮತದಿಂದ ಮಾಡಬೇಕೋ, ಕೆಲವರ ಸಮಿತಿಗೆ ಒಪ್ಪಿಸಬೇಕೋ? ಎಲ್ಲಕ್ಕಿಂತ ಮುಖ್ಯವಾಗಿ, ಪಡೆಯುವವರು ತಲೆ ತಗ್ಗಿಸದಂತೆ ಕೊಡುವ ದಾರಿ ಯಾವುದು?

ಉತ್ತರ 1 — ಕೃತ್ತಿಕೆ

ಸಂಚಾಲಕರೇ, ಕಳೆದ ವರ್ಷದ ಸಂಗತಿಯನ್ನು ಮುಚ್ಚಿಡದೆ ಬರೆದದ್ದಕ್ಕೆ ವಂದನೆಗಳು. ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಅದು ಇತ್ಯರ್ಥವಾಗದೆ ಮತದ ಕ್ರಮವನ್ನು ಚರ್ಚಿಸಿ ಪ್ರಯೋಜನವಿಲ್ಲ.

ನಮ್ಮ ಹವ್ಯಾಸದಲ್ಲಿ ಕಣ್ಣಿಗೆ ಬೀಳುವ ಕೆಲಸ ಒಂದು, ಹವ್ಯಾಸವನ್ನು ಉಳಿಸುವ ಕೆಲಸ ಇನ್ನೊಂದು. ಹಿಂದಿನ ಕಾಲದ ಖಗೋಳವೀಕ್ಷಕಿ ಕ್ಯಾರೊಲಿನ್ ಹರ್ಷೆಲ್ ಅವರನ್ನು ನೆನೆಯಿರಿ. ಅಣ್ಣ ವಿಲಿಯಂ ಹರ್ಷೆಲ್ ದೂರದರ್ಶಕದ ಬಳಿ ನಿಂತು ಕಂಡದ್ದನ್ನು ಕೂಗಿ ಹೇಳುತ್ತಿದ್ದರೆ, ಈಕೆ ದೀಪದ ಮುಂದೆ ಕುಳಿತು ಸಮಯವನ್ನೂ ಸ್ಥಾನವನ್ನೂ ಬರೆದುಕೊಳ್ಳುತ್ತಿದ್ದರು. ಹಗಲಿನಲ್ಲಿ ಅದನ್ನೆಲ್ಲ ಲೆಕ್ಕ ಹಾಕಿ ಶುದ್ಧಪ್ರತಿ ಮಾಡುತ್ತಿದ್ದರು. ಅವರು ಸ್ವತಃ ಹಲವು ಧೂಮಕೇತುಗಳನ್ನು ಕಂಡುಹಿಡಿದವರು. ಆದರೂ 1828ರಲ್ಲಿ ಲಂಡನ್ನಿನ ಖಗೋಳ ಸಂಘ ಅವರಿಗೆ ಚಿನ್ನದ ಪದಕ ಕೊಟ್ಟದ್ದು ಧೂಮಕೇತುಗಳಿಗಾಗಿ ಅಲ್ಲ, ಅಣ್ಣ ಕಂಡ ಸುಮಾರು 2,500 ನೀಹಾರಿಕೆಗಳ ಸ್ಥಾನಗಳನ್ನು ಮರುಲೆಕ್ಕ ಹಾಕಿ ಪಟ್ಟಿಯನ್ನು ಕ್ರಮವಾಗಿ ಜೋಡಿಸಿದ್ದಕ್ಕಾಗಿ. ಆ ಪಟ್ಟಿ ಇದ್ದುದರಿಂದಲೇ ಅಣ್ಣನ ಮಗ ಜಾನ್ ಹರ್ಷೆಲ್ ಆ ನೀಹಾರಿಕೆಗಳನ್ನು ಮತ್ತೆ ನೋಡಿ ಪರೀಕ್ಷಿಸುವುದು ಸುಲಭವಾಯಿತು. ಇನ್ನೊಬ್ಬರ ನೋಟಕ್ಕೆ ನೆರವಾಗುವ ಇಂಥ ಕೆಲಸವನ್ನು ಗುರುತಿಸಿದ ಆ ಸಂಘದ ವಿವೇಕ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿಯೂ ಅಂಥವರಿದ್ದಾರೆ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಆರ್ದ್ರಾ ನಕ್ಷತ್ರ ಮಂಕಾಗುತ್ತಾ ಬಂದು, ಸಾಮಾನ್ಯವಾಗಿ ಸುಮಾರು 0.5 ಇರುತ್ತಿದ್ದ ಅದರ ಕಾಂತಿಮಾನ (ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) 1.6ರ ಹತ್ತಿರಕ್ಕೆ ಬಂದಾಗ, ಪಕ್ಕದ ನಕ್ಷತ್ರಗಳೊಂದಿಗೆ ಬರಿಗಣ್ಣಿನಲ್ಲಿ ಹೋಲಿಸುವುದು ಹೇಗೆಂದು ಹೊಸಬರಿಗೆ ಪ್ರತಿ ರಾತ್ರಿಯೂ ತಾಳ್ಮೆಯಿಂದ ತಿಳಿಸಿಕೊಟ್ಟ ಸದಸ್ಯರೊಬ್ಬರಿದ್ದಾರೆ. ಅವರು ಒಂದೇ ಒಂದು ಛಾಯಾಚಿತ್ರವನ್ನೂ ಹಾಕಿದವರಲ್ಲ. ಕನ್ನಡಿಯ ಜೋಡಣೆ ತಪ್ಪಿ ನಕ್ಷತ್ರಗಳು ಬಾಲವಿದ್ದಂತೆ ಕಾಣುತ್ತಿವೆ ಎಂದು ಯಾರಾದರೂ ಬರೆದರೆ ಚಿತ್ರ ಬರೆದು ವಿವರಿಸುವವರು ಇನ್ನೊಬ್ಬರು. ಮತದ ದಿನ ಇವರ ಹೆಸರು ಯಾರಿಗೂ ಹೊಳೆಯುವುದಿಲ್ಲ.

ನನ್ನ ಸಲಹೆ ಇಷ್ಟು: ಹೆಸರು ಸೂಚಿಸುವವರು ‘ತುಂಬ ಒಳ್ಳೆಯವರು’, ‘ಸದಾ ಸಹಾಯ ಮಾಡುತ್ತಾರೆ’ ಎಂಬ ಮಾತುಗಳಲ್ಲಿ ನಿಲ್ಲಿಸದೆ, ಆ ಸದಸ್ಯರು ಮಾಡಿದ ಒಂದು ನಿರ್ದಿಷ್ಟ ಕೆಲಸವನ್ನೂ ಅದರಿಂದ ಯಾರಿಗೆ ಏನು ತಿಳಿಯಿತೆಂಬುದನ್ನೂ ಬರೆಯಬೇಕು. ಸೂಚಿತರ ಮನೆಯ ವಿಷಯ, ಆರೋಗ್ಯ, ಹಣಕಾಸು ಅದರಲ್ಲಿ ಬರಲೇಕೂಡದು.

ಉತ್ತರ 2 — ಎಣಿಕೆಗಾರ

ಕೃತ್ತಿಕೆಯವರ ಮಾತನ್ನು ಒಪ್ಪಿ, ಎರಡನೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಒಬ್ಬರಿಗೆ ಒಂದೇ ಮತ ಎಂಬ ಕ್ರಮ ಇಬ್ಬರೇ ಸ್ಪರ್ಧೆಯಲ್ಲಿದ್ದಾಗ ಸರಿಹೋಗುತ್ತದೆ, ಹೆಸರುಗಳು ಹೆಚ್ಚಿದಂತೆ ದಾರಿ ತಪ್ಪಿಸುತ್ತದೆ. ಐದು ಹೆಸರುಗಳಿದ್ದು 60 ಜನ ಮತ ಹಾಕಿದರೆಂದು ಇಟ್ಟುಕೊಳ್ಳಿ. ಮತಗಳು 17, 14, 12, 10, 7 ಎಂದು ಹಂಚಿಹೋದರೆ 17 ಪಡೆದವರು ಗೆಲ್ಲುತ್ತಾರೆ, ಉಳಿದ 43 ಜನ ಅವರನ್ನು ಕೊನೆಯ ಸ್ಥಾನದಲ್ಲಿಟ್ಟಿದ್ದರೂ ಅದು ಲೆಕ್ಕಕ್ಕೆ ಬರುವುದೇ ಇಲ್ಲ. ನಮ್ಮಲ್ಲಿ ಆಗುತ್ತಿರುವುದೂ ಇದೇ. ಛಾಯಾಚಿತ್ರಕಾರರನ್ನು ಎಲ್ಲರೂ ಬಲ್ಲರು. ಸದ್ದಿಲ್ಲದೆ ದುಡಿಯುವವರನ್ನು ಹತ್ತಾರು ಜನ ಬೇರೆಬೇರೆಯಾಗಿ ಬಲ್ಲರು, ಹಾಗಾಗಿ ಅವರ ಮತಗಳು ಒಡೆದುಹೋಗುತ್ತವೆ.

ಈ ದೋಷವನ್ನು ಜನ ಬಹಳ ಹಿಂದೆಯೇ ಕಂಡಿದ್ದರು. ಫ್ರಾನ್ಸಿನ ಗಣಿತಜ್ಞ ಬೋರ್ದಾ 1770ರಲ್ಲಿ, ಮತದಾರರು ಎಲ್ಲ ಹೆಸರುಗಳನ್ನೂ ಕ್ರಮವಾಗಿ ಬರೆದು ಸ್ಥಾನಕ್ಕೆ ತಕ್ಕ ಅಂಕ ಕೊಡುವ ವಿಧಾನವನ್ನು ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. 1785ರಲ್ಲಿ ಅಲ್ಲಿಯವರೇ ಆದ ಗಣಿತಜ್ಞ ಕೊಂದೋರ್ಸೆ, ಇಬ್ಬಿಬ್ಬರನ್ನು ಹೋಲಿಸಿದಾಗ ಬಹುಮತ ಒಂದು ಸುತ್ತಿನಂತೆ ತಿರುಗಬಹುದೆಂದು ತೋರಿಸಿದರು: ಮೊದಲನೆಯವರು ಎರಡನೆಯವರನ್ನು, ಎರಡನೆಯವರು ಮೂರನೆಯವರನ್ನು, ಮೂರನೆಯವರು ಮತ್ತೆ ಮೊದಲನೆಯವರನ್ನೇ ಸೋಲಿಸುವ ಸ್ಥಿತಿ ಅದು. ಮೂರು ಅಥವಾ ಹೆಚ್ಚು ಆಯ್ಕೆಗಳಿರುವಾಗ, ಕೆಲವು ಸಹಜ ನಿಬಂಧನೆಗಳನ್ನೆಲ್ಲ ಒಟ್ಟಿಗೆ ಪೂರೈಸುವ ಶ್ರೇಯಾಂಕ ಪದ್ಧತಿ ಇರಲಾರದೆಂದು 1951ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೊ ಸಾಧಿಸಿದರು. ಆದ್ದರಿಂದ ದೋಷವೇ ಇಲ್ಲದ ಕ್ರಮವನ್ನು ಹುಡುಕುತ್ತಾ ಕೂರುವ ಅಗತ್ಯವಿಲ್ಲ. ನಮ್ಮ ಉದ್ದೇಶಕ್ಕೆ ಯಾವ ದೋಷ ಕಡಿಮೆ ಹಾನಿಕರವೆಂದು ನೋಡಿದರೆ ಸಾಕು.

ನನಗೆ ತೋಚುವುದು ಒಪ್ಪಿಗೆಯ ಮತ. ಉಡುಗೊರೆ ಸಿಕ್ಕರೆ ನಿಮಗೆ ಸಂತೋಷವಾಗುವ ಪ್ರತಿಯೊಂದು ಹೆಸರಿಗೂ ಗುರುತು ಹಾಕಿ. ಒಂದಕ್ಕೆ ಹಾಕಬಹುದು, ನಾಲ್ಕಕ್ಕೂ ಹಾಕಬಹುದು. ಹೆಚ್ಚು ಗುರುತು ಬಿದ್ದ ಮೂರು ಹೆಸರುಗಳು ಸಮಿತಿಗೆ ಹೋಗಲಿ, ಎಣಿಕೆ ಗುಟ್ಟಾಗಿರಲಿ, ಯಾರಿಗೆ ಎಷ್ಟು ಬಂತೆಂಬುದನ್ನು ಪ್ರಕಟಿಸುವುದು ಬೇಡ. ಏಳು ಮತ ಪಡೆದು ಕೊನೆಯವರಾದವರು ಆ ಸಂಖ್ಯೆಯನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಅವರ ಹೆಸರನ್ನು ಪ್ರೀತಿಯಿಂದ ಸೂಚಿಸಿದ ನಾವೇ ಆ ನೋವಿಗೆ ಕಾರಣರಾಗುತ್ತೇವೆ.

ಉತ್ತರ 3 — ಹಳೆಯ ಐಪೀಸ್

ನಾನು ಬೇರೊಂದು ಬಳಗದಲ್ಲಿ ಇಂಥ ಉಡುಗೊರೆಯನ್ನು ಪಡೆದವನು, ಆದ್ದರಿಂದ ಮೂರನೆಯ ಪ್ರಶ್ನೆಗೆ ಉತ್ತರಿಸುವ ಹಕ್ಕು ನನಗೆ ಸ್ವಲ್ಪ ಇದೆಯೆಂದುಕೊಳ್ಳುತ್ತೇನೆ.

ನನಗೂ 200 ಮಿಲಿಮೀಟರ್ ಡಾಬ್ಸೋನಿಯನ್ನೇ ಬಂದಿತ್ತು. ಪೆಟ್ಟಿಗೆ ಬಂದ ದಿನ ನನ್ನ ಕಣ್ಣು ತುಂಬಿ ಬಂದದ್ದು ನಿಜ. ಆದರೆ ಕೊಳವೆಯೂ ಪೀಠವೂ ಸೇರಿ 20 ಕಿಲೋಗ್ರಾಂ ಆಸುಪಾಸು ತೂಗುತ್ತದೆ. ಬೆನ್ನುನೋವಿರುವ ನನಗೆ ಅದನ್ನು ಮೆಟ್ಟಿಲು ಹತ್ತಿಸಿ ತಾರಸಿಗೆ ಒಯ್ಯುವುದು ಸಾಧ್ಯವಿಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅಚ್ಚರಿಗೊಳಿಸಬೇಕೆಂಬ ಅವರ ಆಸೆಯನ್ನು ನಾನು ಗೌರವಿಸುತ್ತೇನೆ. ಆದರೂ ಆ ವರ್ಷವೆಲ್ಲ ಮೂಲೆಯಲ್ಲಿ ನಿಂತ ಕೊಳವೆಯನ್ನು ನೋಡಿದಾಗಲೆಲ್ಲ, ಅಷ್ಟು ಜನರ ಹಣವನ್ನು ವ್ಯರ್ಥ ಮಾಡಿದೆನೆಂಬ ಸಂಕಟ ನನ್ನನ್ನು ಬಿಡಲಿಲ್ಲ. ಕೊನೆಗೆ ಅದನ್ನು ಹುಡುಗರ ಗುಂಪೊಂದಕ್ಕೆ ಒಪ್ಪಿಸಿದೆ. ಇಂದಿಗೂ ನಾನು ಬಳಸುವುದು 10×50 ಬೈನಾಕ್ಯುಲರನ್ನು, ಎಂದರೆ 10 ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಮಸೂರಗಳದ್ದನ್ನು. ದೊಡ್ಡ ಕನ್ನಡಿ ಅದರ ಒಂದೊಂದು ಮಸೂರದ ಸುಮಾರು 16 ಪಟ್ಟು ಬೆಳಕನ್ನು ಕೂಡಿಸುತ್ತದೆ ಎಂಬುದನ್ನು ನಾನು ಬಲ್ಲೆ. ಆದರೆ ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು, ಕೃತ್ತಿಕಾ ನಕ್ಷತ್ರಗಳ ಗುಂಪು, ಕತ್ತಲ ರಾತ್ರಿಯಲ್ಲಿ ದೇವಯಾನಿ ಗೆಲಾಕ್ಸಿ, ಇವಿಷ್ಟನ್ನು ಕುರ್ಚಿಯಲ್ಲಿ ಒರಗಿ ನೋಡಲು ಬೈನಾಕ್ಯುಲರ್ ಸಾಕು, ಮತ್ತು ನಾನು ಅದನ್ನು ಪ್ರತಿ ರಾತ್ರಿಯೂ ಹೊರಗೆ ತರುತ್ತೇನೆ.

ಆದ್ದರಿಂದ ಉಡುಗೊರೆಯನ್ನು ಮೊದಲು ನಿಗದಿ ಮಾಡಿ ಆಮೇಲೆ ವ್ಯಕ್ತಿಯನ್ನು ಹುಡುಕುವ ಕ್ರಮವನ್ನೇ ತಿರುವುಹಾಕಿ ಎಂದು ಬೇಡಿಕೊಳ್ಳುತ್ತೇನೆ. ವ್ಯಕ್ತಿಯನ್ನು ಆರಿಸಿ, ಗುಟ್ಟಾಗಿ ಒಪ್ಪಿಗೆ ಕೇಳಿ, ಎಲ್ಲಿ ನಿಂತು ನೋಡುತ್ತಾರೆ, ಎಷ್ಟು ಭಾರ ಎತ್ತಬಲ್ಲರು, ಏನನ್ನು ನೋಡಲು ಹಂಬಲಿಸುತ್ತಾರೆ ಎಂದು ವಿಚಾರಿಸಿ, ಅನಂತರ ವಸ್ತುವನ್ನು ಕೊಳ್ಳಿ. ಬೇಡವೆನ್ನುವ ಅವಕಾಶವೂ ಅವರಿಗಿರಲಿ. ಬೇಡವೆಂದರು ಎಂಬುದು ಸಮಿತಿಯ ಹೊರಗೆ ಹೋಗದಿರಲಿ.

ಉತ್ತರ 4 — ಬೆಳಗಿನ ಜಾವ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೂ ಒಂದು ಆತಂಕವನ್ನು ಹೇಳಲೇಬೇಕು. ಕಷ್ಟದ ಮಾತನ್ನು ಬಹಿರಂಗವಾಗಿ ಆಡಬಾರದೆಂಬ ಎಚ್ಚರದಲ್ಲಿ ನಾವು ಅಗತ್ಯವನ್ನೇ ಲೆಕ್ಕದಿಂದ ತೆಗೆದುಹಾಕುತ್ತಿಲ್ಲವೇ? ಕೆಲಸವೊಂದನ್ನೇ ಅಳೆದರೆ ಬಿಡುವು, ಉಪಕರಣ, ಅನುಭವ ಇರುವವರೇ ಮುಂದೆ ಬರುತ್ತಾರೆ. ಎರವಲು ತಂದ ಬೈನಾಕ್ಯುಲರನ್ನು ವಾರಕ್ಕೊಮ್ಮೆ ಹಿಂದಿರುಗಿಸಬೇಕಾದ ಹದಿನಾರರ ಹುಡುಗಿ ಇನ್ನೊಬ್ಬರಿಗೆ ಏನು ಕಲಿಸಿಯಾಳು? ಅವಳು ಇನ್ನೂ ಕಲಿಯುತ್ತಿದ್ದಾಳೆ.

ಕೆಲಸ ಮತ್ತು ಅಗತ್ಯ ಎರಡೂ ಒಂದೇ ಕಡೆ ಸೇರಿದ ಉದಾಹರಣೆ ನಮ್ಮ ಹವ್ಯಾಸದ ಇತಿಹಾಸದಲ್ಲಿಯೇ ಇದೆ. ಅಮೆರಿಕದ ಲೆಸ್ಲಿ ಪೆಲ್ಟಿಯರ್ ಹೊಲದಲ್ಲಿ ದುಡಿಯುವ ಮನೆತನದ ಹುಡುಗ. ಸ್ಟ್ರಾಬೆರಿ ಕೊಯ್ದು ಕೂಡಿಸಿದ ಹಣದಿಂದ ಅವರು ತಮ್ಮ ಮೊದಲ ಚಿಕ್ಕ ದೂರದರ್ಶಕವನ್ನು ಕೊಂಡರು. 1918ರಿಂದ ರೂಪವಿಕಾರಿ (ಹೊಳಪು ಬದಲಾಗುವ) ನಕ್ಷತ್ರಗಳ ಹೊಳಪನ್ನು ಅಂದಾಜಿಸಿ, 1911ರಲ್ಲಿ ಹುಟ್ಟಿದ್ದ ಅಲ್ಲಿನ ರೂಪವಿಕಾರಿ ವೀಕ್ಷಕರ ಸಂಘಕ್ಕೆ ತಪ್ಪದೆ ಕಳುಹಿಸತೊಡಗಿದರು. ಆ ವರದಿಗಳ ನಿಷ್ಠೆಯನ್ನು ಕಂಡ ಸಂಘ ಅವರಿಗೆ ದೊಡ್ಡ ದೂರದರ್ಶಕವೊಂದನ್ನು ಎರವಲು ಕೊಟ್ಟಿತು. ಆಮೇಲೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ 6 ಅಂಗುಲದ ದೂರದರ್ಶಕವೂ ಎರವಲಾಗಿ ಬಂತು. 1925ರಲ್ಲಿ ಅವರು ತಮ್ಮ ಮೊದಲ ಧೂಮಕೇತುವನ್ನು ಕಂಡರು. ಜೀವಮಾನದಲ್ಲಿ ಒಟ್ಟು 12 ಧೂಮಕೇತುಗಳು, ಒಂದು ಲಕ್ಷಕ್ಕೂ ಮೀರಿದ ನಕ್ಷತ್ರ ವೀಕ್ಷಣೆಗಳು ಅವರ ಲೆಕ್ಕದಲ್ಲಿವೆ. ಸಂಘ ಅವರ ಬಡತನವನ್ನು ಮತಕ್ಕೆ ಹಾಕಲಿಲ್ಲ, ಚಿಕ್ಕ ಉಪಕರಣದಿಂದಲೇ ಅವರು ಎಷ್ಟು ನೋಡುತ್ತಿದ್ದಾರೆ ಎಂಬುದನ್ನು ನೋಡಿತು.

ನಾವು ಕೇಳಬೇಕಾದ ಪ್ರಶ್ನೆಯೂ ಇದೇ ಎಂದು ನನಗೆ ಅನ್ನಿಸುತ್ತದೆ: ಇರುವುದರಲ್ಲಿಯೇ ಯಾರು ಶ್ರದ್ಧೆಯಿಂದ ನೋಡುತ್ತಿದ್ದಾರೆ, ಮತ್ತು ಈ ಉಪಕರಣದಿಂದ ಯಾರ ನೋಟ ಹೆಚ್ಚು ದೂರ ಹೋಗುತ್ತದೆ? ಇದನ್ನು ಅವರ ವೀಕ್ಷಣಾ ಟಿಪ್ಪಣಿಗಳಿಂದಲೇ ಅರಿಯಬಹುದು. ಯಾರ ಕಷ್ಟವನ್ನೂ ಕೆದಕಬೇಕಿಲ್ಲ. ಎರವಲು ಎಂಬ ಪದವನ್ನೂ ಯೋಚಿಸಿ. ದಾನ ಪಡೆಯಲು ಹಿಂಜರಿಯುವವರು ಬಳಗದ ಸೊತ್ತನ್ನು ತಮಗೆ ಬೇಕಾದಷ್ಟು ಕಾಲ ಬಳಸಲು ಹಿಂಜರಿಯಲಾರರು.

ಪ್ರತಿಕ್ರಿಯೆ — ಹಳೆಯ ಐಪೀಸ್

ಎರವಲಿನ ಮಾತು ನನಗೆ ತುಂಬ ಹಿಡಿಸಿತು. ಹಾಗೆ ಕೊಟ್ಟಿದ್ದರೆ ನಾನು ಮೊದಲ ತಿಂಗಳಲ್ಲಿಯೇ ನಿಸ್ಸಂಕೋಚವಾಗಿ ಹಿಂದಿರುಗಿಸುತ್ತಿದ್ದೆ. ಆದರೆ ‘ಯಾವಾಗ ಹಿಂದಿರುಗಿಸುತ್ತೀರಿ’ ಎಂದು ಯಾರೂ ಕೇಳುವುದಿಲ್ಲವೆಂಬ ಭರವಸೆಯನ್ನು ಬರವಣಿಗೆಯಲ್ಲಿ ಕೊಡಿ. ಆ ಹುಡುಗಿಯಂಥವರಿಗೆ ಅದೇ ಭಯ ಇರುತ್ತದೆ.

ಪ್ರತಿಕ್ರಿಯೆ — ಇರುಳುನೋಟ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಸಹ ಸಂಚಾಲಕರೊಂದಿಗೆ ಮಾತನಾಡಿ ಈ ಕೆಳಗಿನಂತೆ ನಿಶ್ಚಯಿಸಿದ್ದೇವೆ. ಟೆಲಿಸ್ಕೋಪ್ ಕೊಳ್ಳುವುದನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ. ಹೆಸರುಗಳನ್ನು ಬಹಿರಂಗವಾಗಿ ಬರೆಯದೆ ನನಗೆ ಖಾಸಗಿಯಾಗಿ ಕಳುಹಿಸಿ. ಜೊತೆಗೆ ಕೃತ್ತಿಕೆಯವರು ಹೇಳಿದಂತೆ ಒಂದು ನಿರ್ದಿಷ್ಟ ಕೆಲಸವನ್ನೋ, ಬೆಳಗಿನ ಜಾವ ಅವರು ಹೇಳಿದಂತೆ ಶ್ರದ್ಧೆ ಎದ್ದು ಕಾಣುವ ವೀಕ್ಷಣಾ ಟಿಪ್ಪಣಿಯೊಂದನ್ನೋ ಲಗತ್ತಿಸಿ. ಒಪ್ಪಿಗೆಯ ಮತದಿಂದ ಮೂರು ಹೆಸರುಗಳು ಮೂವರ ಸಮಿತಿಗೆ ಹೋಗುತ್ತವೆ. ಸಮಿತಿಯ ಮೂವರಲ್ಲಿ ಯಾರಾದರೂ ಹೆಸರು ಸೂಚಿಸಿದ್ದರೆ ಅಥವಾ ಅವರದೇ ಹೆಸರು ಸೂಚಿತವಾಗಿದ್ದರೆ ಅವರ ಸ್ಥಾನಕ್ಕೆ ಬೇರೆಯವರು ಬರುತ್ತಾರೆ. ನಾನು ಈ ವರ್ಷ ಸಮಿತಿಯಲ್ಲಿ ಇರುವುದಿಲ್ಲ.

ಆಯ್ಕೆಯಾದವರನ್ನು ಗುಟ್ಟಾಗಿ ಕೇಳಿ, ಉಡುಗೊರೆಯಾಗಿ ಬೇಕೋ ಎರವಲಾಗಿ ಬೇಕೋ ಎಂಬುದನ್ನು ಅವರಿಗೇ ಬಿಡುತ್ತೇವೆ. ಹೆಸರು ಪ್ರಕಟಿಸುವುದು ಅವರು ಬಯಸಿದರೆ ಮಾತ್ರ. ಬಯಸದಿದ್ದರೆ ‘ಉಡುಗೊರೆ ತಲುಪಿದೆ’ ಎಂಬ ಒಂದು ಸಾಲನ್ನು ಇಲ್ಲಿ ಬರೆಯುತ್ತೇನೆ. ಹಣ ಕೊಟ್ಟವರು ಅಷ್ಟರಲ್ಲಿ ತೃಪ್ತರಾಗಬೇಕೆಂದು ಕೋರುತ್ತೇನೆ. ಲೆಕ್ಕಪತ್ರವನ್ನು ಮಾತ್ರ ಎಂದಿನಂತೆ ಪೂರ್ಣವಾಗಿ ಎಲ್ಲರ ಮುಂದಿಡುತ್ತೇವೆ.

ತಮ್ಮ ಹೆಸರನ್ನು ತಾವೇ ಸೂಚಿಸಬಹುದೇ ಎಂದು ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಖಂಡಿತವಾಗಿಯೂ ಸೂಚಿಸಬಹುದು. ಅಂಥ ಪತ್ರವನ್ನೂ ಉಳಿದವುಗಳಂತೆಯೇ ಓದುತ್ತೇವೆ, ಮತಪಟ್ಟಿಯಲ್ಲಿ ಯಾರ ಹೆಸರನ್ನು ಯಾರು ಸೂಚಿಸಿದರೆಂಬುದು ಇರುವುದಿಲ್ಲ.