ಪ್ರಶ್ನೋತ್ತರ: ಮಗಳಿಗೆ ಹೆಡ್‌ಫೋನ್, ಕೈಯಲ್ಲಿ ಎರಡು ಸಾವಿರ

ಪ್ರಶ್ನೆ (ಹರಿಹರದಿಂದ ಒಬ್ಬ ತಾಯಿ):
ಅಣ್ಣಾ ನಮಸ್ಕಾರ. ಮಗಳು ಈ ವರ್ಷ ಫಸ್ಟ್ ಪಿಯು. ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಬರುತ್ತಾಳೆ. ತಲೆ ಮೇಲೆ ಹಾಕುವ ದೊಡ್ಡ ಹೆಡ್‌ಫೋನೇ ಬೇಕಂತೆ, ಅದೂ ಕೆನೆ ಬಣ್ಣದ್ದು. ಫ್ರೆಂಡ್ಸ್ ಹತ್ತಿರ ಎಲ್ಲ ಇದೆಯಂತೆ. ನನ್ನ ಕೈಯಲ್ಲಿ ಎರಡು ಸಾವಿರ ಇದೆ, ಅದರ ಮೇಲೆ ಆಗಲ್ಲ. ಹೋದ ವರ್ಷ ಏಳುನೂರಕ್ಕೆ ಒಂದು ವೈರಿನದು ತರಿಸಿದ್ದೆ, ನಾಲ್ಕೇ ತಿಂಗಳಿಗೆ ಒಂದು ಕಿವಿ ಸತ್ತುಹೋಯಿತು. ನೋಡೋಕೂ ಚೆನ್ನಾಗಿರಬೇಕು, ಹಾಡೂ ಚೆನ್ನಾಗಿ ಕೇಳಬೇಕು. ಈ ದುಡ್ಡಿಗೆ ಸಿಗುತ್ತಾ? ಬಾಕ್ಸ್ ಮೇಲೆ ಬರೆದಿರುವುದು ಒಂದೂ ತಲೆಗೆ ಹೋಗಲ್ಲ.

ಉತ್ತರ (ಸೌಂಡ್ ಸಿಸ್ಟಂ ಮತ್ತು ರಿಪೇರಿ ಕೆಲಸ, ದಾವಣಗೆರೆ):
ಸಿಗುತ್ತದೆ ಅಕ್ಕಾ. ಬಣ್ಣದ ವಿಷಯ ಪೂರ್ತಿ ಮಗಳಿಗೇ ಬಿಡಿ. ಇಷ್ಟ ಇಲ್ಲದ್ದನ್ನು ಕೊಡಿಸಿದರೆ ಅದು ಬ್ಯಾಗಿನ ತಳ ಸೇರುತ್ತದೆ, ಫಿಸಿಕ್ಸ್ ಪುಸ್ತಕದ ಅಡಿ ಸಿಕ್ಕಿ ಮುರಿಯುತ್ತದೆ, ಆಮೇಲೆ ನನ್ನ ಟೇಬಲ್ಲಿಗೆ ಬರುತ್ತದೆ. ತಾವೇ ಮೆಚ್ಚಿ ತೆಗೆದುಕೊಂಡದ್ದನ್ನು ಹುಡುಗರು ಜೋಪಾನ ಮಾಡುತ್ತಾರೆ.

ಎರಡು ವಿಷಯ ಹೇಳಿ. ಮಗಳ ಫೋನಿನಲ್ಲಿ 3.5 ಎಂಎಂ ಜಾಕಿನ ತೂತು ಇದೆಯಾ? ಅವಳಿಗೆ ಕನ್ನಡಕ ಇದೆಯಾ?

ತಾಯಿ:
ತೂತು ಇದೆ. ಕನ್ನಡಕವೂ ಇದೆ. ಕನ್ನಡಕಕ್ಕೂ ಹೆಡ್‌ಫೋನಿಗೂ ಏನು ಸಂಬಂಧ ಅಣ್ಣಾ?

ಉತ್ತರ:
ಬಹಳ ಸಂಬಂಧ ಇದೆ. ದೊಡ್ಡ ಹೆಡ್‌ಫೋನಿನಲ್ಲಿ ಎರಡು ಜಾತಿ. ಒಂದು ಕಿವಿಯ ಮೇಲೆ ಕೂರುತ್ತದೆ, ಅದಕ್ಕೆ ಆನ್-ಇಯರ್ ಅನ್ನುತ್ತಾರೆ. ಇನ್ನೊಂದು ಇಡೀ ಕಿವಿಯನ್ನು ಸುತ್ತುವರಿದು ಕೂರುತ್ತದೆ, ಅದು ಓವರ್-ಇಯರ್. ಆನ್-ಇಯರ್ ನೋಡೋಕೆ ಚಿಕ್ಕದು, ಹಗುರ. ಆದರೆ ಕನ್ನಡಕದ ಕಡ್ಡಿಯನ್ನು ಕಿವಿಗೆ ಒತ್ತುತ್ತದೆ. ಓಲೆ ಹಾಕಿದ್ದರೆ ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿದರೆ ಇದು ಗೊತ್ತಾಗಲ್ಲ, ಇಪ್ಪತ್ತು ನಿಮಿಷಕ್ಕೆ ಗೊತ್ತಾಗುತ್ತದೆ. ಮಗಳನ್ನು ಕರೆದುಕೊಂಡೇ ಹೋಗಿ. ಕನ್ನಡಕ, ಓಲೆ, ಜಡೆ, ದಿನಾ ಹೇಗಿರುತ್ತಾಳೋ ಹಾಗೇ ಇರಲಿ. ಹತ್ತು ನಿಮಿಷ ಹಾಕಿಕೊಂಡು ಕೂರಲಿ. ಒಮ್ಮೆ ಬಗ್ಗಿ ಚಪ್ಪಲಿ ಸರಿ ಮಾಡಿಕೊಳ್ಳಲಿ, ಜಾರಿ ಬಿದ್ದರೆ ಅದು ಬೇಡ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಇನ್ನು ವೈರೋ ಬ್ಲೂಟೂತೋ. ನಾನಾದರೆ ವೈರಿನದೇ ಕೊಡಿಸುತ್ತೇನೆ. ಬ್ಲೂಟೂತಿನಲ್ಲಿ ನಿಮ್ಮ ಎರಡು ಸಾವಿರ ಬ್ಯಾಟರಿಗೆ, ಚಿಪ್ಪಿಗೆ, ಚಾರ್ಜಿಂಗ್ ಸರ್ಕ್ಯೂಟಿಗೆ ಹಂಚಿಹೋಗುತ್ತದೆ. ವೈರಿನದರಲ್ಲಿ ಬಹುಪಾಲು ಸೌಂಡಿಗೇ ಹೋಗುತ್ತದೆ. ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನದು ಸಿಗುತ್ತದೆ.

ತಾಯಿ:
ವೈರ್ ಅಂದಿದ್ದೇ ತಡ, ಮುಖ ಊದಿಸಿಕೊಂಡು ಒಳಗೆ ಹೋದಳು.

ಉತ್ತರ:
ಹ್ಹಹ್ಹ. ಬಸ್ಸಿನಲ್ಲಿ ವೈರ್ ಯಾರದೋ ಬ್ಯಾಗಿಗೆ ಸಿಕ್ಕಿಕೊಳ್ಳುತ್ತದೆ, ಅವಳು ಹೇಳುವುದರಲ್ಲೂ ಅರ್ಥ ಇದೆ. ಹಾಗಾದರೆ ಬ್ಲೂಟೂತೇ ಇರಲಿ. ಆದರೆ ಆಕ್ಸ್ ತೂತು ಇರುವುದನ್ನು ನೋಡಿ. ಅಂದರೆ ಚಾರ್ಜ್ ಮುಗಿದಾಗ ವೈರ್ ಚುಚ್ಚಿಯೂ ಕೇಳಬಹುದು. ಬೋಟ್ ರಾಕರ್ಜ್ 450 ಇಂಥದ್ದಕ್ಕೆ ಒಂದು ಉದಾಹರಣೆ. ಅದು ಆನ್-ಇಯರ್, ಹಾಗಾಗಿ ಕನ್ನಡಕದ ಜೊತೆ ಹಾಕಿ ನೋಡದೆ ತೆಗೆದುಕೊಳ್ಳಬೇಡಿ.

ಬಾಕ್ಸ್ ಮೇಲಿನ ಲೆಕ್ಕ ಕೇಳಿದ್ದಿರಿ. 20 ಹರ್ಟ್ಜ್‌ನಿಂದ 20,000 ಹರ್ಟ್ಜ್ ಅಂತ ಹೆಚ್ಚಿನವರು ಬರೆಯುತ್ತಾರೆ. ಅದು ಮನುಷ್ಯನ ಕಿವಿಗೆ ಕೇಳಿಸುವ ಮಿತಿ ಅಷ್ಟೆ. ಏಳುನೂರರ ಬಾಕ್ಸ್ ಮೇಲೂ ಅದೇ, ಏಳು ಸಾವಿರದ ಮೇಲೂ ಅದೇ. ಅದನ್ನು ಓದಿ ಏನೂ ತಿಳಿಯಲ್ಲ. ಆಮೇಲೆ ಡ್ರೈವರ್ 40 ಎಂಎಂ, 50 ಎಂಎಂ ಅಂತ ಇರುತ್ತದೆ. ಡ್ರೈವರ್ ಅಂದರೆ ಒಳಗಿನ ಪುಟ್ಟ ಸ್ಪೀಕರ್. ದೊಡ್ಡದಾದರೆ ಒಳ್ಳೆಯದು ಅಂತೇನಿಲ್ಲ. ಸೋನಿ ಡಬ್ಲ್ಯುಎಚ್-ಸಿಎಚ್520 ನಿಮ್ಮ ಬಜೆಟ್ ಮೀರುತ್ತದೆ, ಆದರೂ ಹೇಳುತ್ತೇನೆ. ಅದರ ಡ್ರೈವರ್ 30 ಎಂಎಂ ಮಾತ್ರ, ತೂಕ 150 ಗ್ರಾಂ ಒಳಗೆ. ಕೇಳೋಕೆ ಅಚ್ಚುಕಟ್ಟು.

ಕಿವಿಯಿಂದಲೇ ಪರೀಕ್ಷೆ ಮಾಡಿ. ಅಂಗಡಿಯವರು ಹಾಕುವ ಹಾಡು ಬೇಡ. ಅದರಲ್ಲಿ ಬರೀ ಧಡ್ ಧಡ್ ಇರುತ್ತದೆ, ವಾಲ್ಯೂಮೂ ಏರಿಸಿರುತ್ತಾರೆ. ಜೋರಾಗಿ ಕೇಳಿಸಿದ್ದೆಲ್ಲ ಎರಡು ನಿಮಿಷಕ್ಕೆ ಚೆನ್ನಾಗಿದೆ ಅನ್ನಿಸುತ್ತದೆ, ಕಿವಿಯ ಗುಣವೇ ಹಾಗೆ. ಮಗಳಿಗೆ ಬಾಯಿಪಾಠ ಇರುವ ಹಾಡು ಹಾಕಿ, ತಬಲಾ ಇದ್ದರೆ ಒಳ್ಳೆಯದು. ವಾಲ್ಯೂಮ್ ಅರ್ಧಕ್ಕೆ ಇಡಿ. ತಬಲಾದ ಎಡಗೈ ಪೆಟ್ಟು ಗುಂಯ್ ಅಂದು ನಿಲ್ಲಬೇಕು. ಬರೀ ಗುಂಯ್‌ಗುಟ್ಟುತ್ತಲೇ ಇದ್ದು ಹಾಡಿನ ಮಾತನ್ನು ನುಂಗಿದರೆ ವಾಪಸ್ ಕೊಡಿ. ಸಾಹಿತ್ಯದ ಒಂದೊಂದು ಅಕ್ಷರವೂ ಬಿಡಿಯಾಗಿ ಕೇಳಬೇಕು. ಮಗಳು ಪಾಠದ ವಿಡಿಯೋ ಕೇಳುವುದೂ ಅದರಲ್ಲೇ ಅಲ್ವಾ?

ಕೊನೆಗೆ ಇಯರ್‌ಪ್ಯಾಡ್. ಇವು ಹೆಚ್ಚಾಗಿ ರೆಕ್ಸಿನ್. ನಮ್ಮೂರ ಏಪ್ರಿಲ್ ಬಿಸಿಲು, ಬೆವರು, ಎಣ್ಣೆ ಹಚ್ಚಿದ ತಲೆ ಎಲ್ಲ ಸೇರಿ ವರ್ಷ ಒಪ್ಪತ್ತಿನಲ್ಲಿ ಸಿಪ್ಪೆ ಏಳುತ್ತದೆ. ಕರಿ ಪುಡಿ ಕಿವಿಗೆಲ್ಲ ಮೆತ್ತಿಕೊಳ್ಳುತ್ತದೆ. ಪ್ಯಾಡ್ ಬಿಚ್ಚಿ ಬೇರೆ ಹಾಕಲು ಬರುತ್ತಾ ಅಂತ ಕೇಳಿ. ಕೆನೆ ಬಣ್ಣದಲ್ಲಿ ಕೊಳೆ ಬೇಗ ಕಾಣುತ್ತದೆ, ಇದನ್ನು ಮಗಳಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ (ಚಿತ್ರದುರ್ಗದಿಂದ):
ಸರ್, ನಾನು ಮಗನಿಗೆ ಇಎನ್‌ಸಿ ಇರುವ ಇಯರ್‌ಬಡ್ಸ್ ಕೊಡಿಸಿದೆ. ಬಸ್ಸಿನ ಸದ್ದು ಕೇಳಿಸುವುದೇ ಇಲ್ಲ ಅಂದಿದ್ದರು. ಅವನಿಗೆ ಎಲ್ಲಾ ಕೇಳಿಸುತ್ತದಂತೆ. ಪೀಸೇ ಸರಿ ಇಲ್ಲವಾ?

ಉತ್ತರ:
ಪೀಸ್ ಸರಿ ಇದೆ ಸರ್, ಮಾರಿದವರ ಮಾತು ಸರಿ ಇಲ್ಲ. ಇಎನ್‌ಸಿ ಇರುವುದು ಮೈಕಿಗೆ. ನಿಮ್ಮ ಮಗ ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಬಸ್ಸಿನ ಸದ್ದು ಕಡಿಮೆ ಕೇಳಿಸುತ್ತದೆ. ಇವನ ಕಿವಿಗೆ ಅದರಿಂದ ಏನೂ ಆಗಲ್ಲ. ನಿಮಗೆ ಬೇಕಿದ್ದದ್ದು ಎಎನ್‌ಸಿ. ಅದು ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು, ಅದರ ತದ್ವಿರುದ್ಧ ಅಲೆ ಹುಟ್ಟಿಸಿ ಸದ್ದನ್ನು ತಗ್ಗಿಸುತ್ತದೆ. ಎಂಜಿನ್, ಫ್ಯಾನ್ ತರಹ ಒಂದೇ ಸಮ ಗುಂಯ್‌ಗುಡುವ ಸದ್ದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕಂಡಕ್ಟರ್ ಸೀಟಿ, ಪಕ್ಕದವರ ಹರಟೆ ಆದರೂ ಕೇಳಿಸುತ್ತದೆ. ಎರಡರಲ್ಲೂ ಒಂದೇ ಅಕ್ಷರ ವ್ಯತ್ಯಾಸ, ಅದರ ಲಾಭ ಪಡೆಯುವವರು ಇದ್ದಾರೆ.

ಬಡ್ಸ್ ಜೊತೆ ಬೇರೆ ಬೇರೆ ಅಳತೆಯ ರಬ್ಬರ್ ಟಿಪ್ ಕೊಟ್ಟಿರುತ್ತಾರೆ. ದೊಡ್ಡದನ್ನು ಹಾಕಿ ನೋಡಿ. ಕಿವಿಗೆ ಸರಿಯಾಗಿ ಕೂತರೆ ಹೊರಗಿನ ಸದ್ದೂ ಕಡಿಮೆ ಆಗುತ್ತದೆ, ಬೇಸೂ ಬರುತ್ತದೆ.

ಪ್ರಶ್ನೆ (ವಿದ್ಯಾನಗರದ ವಿದ್ಯಾರ್ಥಿ):
ಅಣ್ಣಾ, ಬ್ಲೂಟೂತಿನಲ್ಲಿ ಗೇಮ್ ಆಡಿದರೆ ಗುಂಡಿನ ಸದ್ದು ಲೇಟಾಗಿ ಬರುತ್ತೆ. ಮೈಕ್ ಆನ್ ಮಾಡಿದರೆ ಸೌಂಡೆಲ್ಲ ಡಬ್ಬಾ ಆಗುತ್ತೆ. ಯಾಕೆ?

ಉತ್ತರ:
ಬ್ಲೂಟೂತಿನಲ್ಲಿ ಸದ್ದನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಚ್ಚಬೇಕು. ಅದರಲ್ಲೇ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹೋಗಬಹುದು. ಸಿನಿಮಾ ನೋಡುವಾಗ ಆಪ್ ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸುತ್ತದೆ, ಗೇಮಿನಲ್ಲಿ ಹಾಗೆ ಆಗಲ್ಲ. ಮೈಕ್ ಆನ್ ಆದ ಕೂಡಲೇ ಅದು ಫೋನ್ ಕರೆಯ ಮೋಡಿಗೆ ಇಳಿಯುತ್ತದೆ, ಸ್ಟೀರಿಯೋ ಹೋಗಿ ಸೌಂಡ್ ಬಡವಾಗುತ್ತದೆ. ಗೇಮಿಗೆ ವೈರ್ ಹಾಕಿಕೋ ಮಾರಾಯ. ಓದಿಗೆ ಏನು ಹಾಕಿಕೊಳ್ಳಬೇಕು ಅಂತ ನೀನು ಕೇಳಲೇ ಇಲ್ಲ.

ಪ್ರಶ್ನೆ (ಪಿ.ಜೆ. ಬಡಾವಣೆಯಿಂದ):
ನಮ್ಮ ಹುಡುಗ ಹೆಡ್‌ಫೋನ್ ಹಾಕಿ ಕೂತರೆ ಊಟಕ್ಕೆ ಕರೆದು ಕರೆದು ಸಾಕಾಗುತ್ತದೆ. ಕಿವಿ ಹಾಳಾಗಲ್ವಾ ಸರ್?

ಉತ್ತರ:
ಆಗುತ್ತದೆ ಮೇಡಂ, ಮತ್ತೆ ಸರಿ ಆಗಲ್ಲ. ಒಳಗಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಕೋಶಗಳು ಇರುತ್ತವೆ. ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬಲ್ ಮಿತಿ ಅಂತ ಹೇಳಿದೆ. ಮೂರು ಡೆಸಿಬಲ್ ಏರಿದರೆ ಹೊತ್ತು ಅರ್ಧ ಆಗುತ್ತದೆ. 80ಕ್ಕೆ 40 ಗಂಟೆ ಆದರೆ 83ಕ್ಕೆ 20 ಗಂಟೆ, 89ಕ್ಕೆ ಬರೀ ಐದು ಗಂಟೆ. ಅದೂ ಇಡೀ ವಾರಕ್ಕೆ.

ಮನೆಯಲ್ಲಿ ಅಳೆಯೋಕೆ ಯಂತ್ರ ಬೇಡ. ಅವನ ಪಕ್ಕ ಕೂತವರಿಗೆ ಹಾಡು ಗೊತ್ತಾಗುತ್ತಿದ್ದರೆ ಜಾಸ್ತಿ ಆಯಿತು ಅಂತಲೇ. ಐಫೋನಿನಲ್ಲಿ ಹೆಡ್‌ಫೋನ್ ಸೇಫ್ಟಿ ಅಂತ ಇದೆ, ಡೆಸಿಬಲ್ ಮಿತಿ ಹಾಕಬಹುದು. ಸ್ಯಾಮ್‌ಸಂಗ್ ಫೋನುಗಳಲ್ಲಿ ಮೀಡಿಯಾ ವಾಲ್ಯೂಮ್ ಲಿಮಿಟ್ ಇದೆ, ಅದಕ್ಕೆ ಪಿನ್ ಕೂಡ ಹಾಕಬಹುದು.

ನನ್ನದೇ ಹೇಳುತ್ತೇನೆ. ಜಾತ್ರೆ, ಆರ್ಕೆಸ್ಟ್ರಾ, ಗಣಪತಿ ಮೆರವಣಿಗೆ ಅಂತ ವರ್ಷಗಟ್ಟಲೆ ದೊಡ್ಡ ಸ್ಪೀಕರ್ ಬಾಕ್ಸಿನ ಪಕ್ಕ ನಿಂತವನು ನಾನು. ಈಗ ರಾತ್ರಿ ದೀಪ ಆರಿಸಿದರೆ ಎಡಗಿವಿಯಲ್ಲಿ ಜೀರುಂಡೆ ಶುರು ಮಾಡುತ್ತದೆ. ಹೆಂಡತಿಗೆ ಕೇಳಿಸಲ್ಲ, ನನಗೊಬ್ಬನಿಗೇ. ನಿಮ್ಮ ಹುಡುಗ ಕಿವಿಯಲ್ಲಿ ಗುಂಯ್ ಅನ್ನುತ್ತಿದೆ ಅಂದರೆ ತಡ ಮಾಡದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಊಟಕ್ಕೆ ಬರದಿರುವುದಕ್ಕೆ ಬೇರೆ ಕಾರಣವೂ ಇರಬಹುದು, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ತಾಯಿ (ಹರಿಹರ):
ಅಣ್ಣಾ, ಒಂದು ಕಿವಿ ಸತ್ತ ಆ ಹಳೇದನ್ನು ಏನು ಮಾಡಲಿ? ಗುಜರಿಗೆ ಹಾಕಲಾ?

ಉತ್ತರ:
ಅಯ್ಯೋ ಹಾಕಬೇಡಿ. ಮೊದಲು ಫೋನಿಗೆ ಚುಚ್ಚಿ ಹಾಡು ಹಾಕಿ, ಪಿನ್ನಿನ ಬುಡದಲ್ಲಿ ವೈರನ್ನು ಸ್ವಲ್ಪ ಬಗ್ಗಿಸಿ. ಸತ್ತ ಕಿವಿ ಚಣ ಹೊತ್ತು ಬಂದು ಹೋದರೆ ಸ್ಪೀಕರ್ ಚೆನ್ನಾಗಿದೆ, ತಂತಿ ಮಾತ್ರ ತುಂಡಾಗಿದೆ ಅಂತ. ನನ್ನ ಹತ್ತಿರ ಬರುವ ವೈರಿನ ಹೆಡ್‌ಫೋನಿನಲ್ಲಿ ಹೆಚ್ಚಿನವು ಇದೇ ಜಾಗದಲ್ಲಿ ಕಟ್ ಆಗಿರುತ್ತವೆ. ಫೋನಿನ ಸುತ್ತ ಬಿಗಿಯಾಗಿ ಸುತ್ತಿ ಬ್ಯಾಗಿಗೆ ಹಾಕುತ್ತಾರಲ್ಲ, ಅದಕ್ಕೇ.

ಹಳೇ ಪಿನ್ ಕತ್ತರಿಸಿ ಹೊಸದು ಹಾಕುತ್ತೇವೆ. ಒಳಗೆ ತಲೆಗೂದಲಿನಷ್ಟು ಸಣ್ಣ ತಂತಿ, ಜೊತೆಗೆ ನೂಲಿನ ಎಳೆ. ಸಾಮಾನ್ಯವಾಗಿ ಹಸಿರು ಎಡಕ್ಕೆ, ಕೆಂಪು ಬಲಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡ್, ಅಂದರೆ ಎರಡಕ್ಕೂ ಸೇರಿದ ತಂತಿ. ಆ ಬಣ್ಣ ಅಂದರೆ ಮೇಲಿನ ಲೇಪ, ಅದು ಇರುವವರೆಗೂ ಸೋಲ್ಡರ್ ಹಿಡಿಯಲ್ಲ. ಲೈಟರಿನ ಬೆಂಕಿ ತುದಿಗೆ ಮುಟ್ಟಿಸಿ ತಕ್ಷಣ ತೆಗೆಯಬೇಕು. ನೂಲು ಸುಟ್ಟು ವಾಸನೆ ಬರುತ್ತದೆ, ತುದಿ ಕಪ್ಪಾಗುತ್ತದೆ. ಉಗುರಿನಲ್ಲಿ ಕೆರೆದರೆ ಒಳಗೆ ತಾಮ್ರ ಹೊಳೆಯುತ್ತದೆ. ಅರ್ಧ ಸೆಕೆಂಡ್ ಜಾಸ್ತಿ ಹಿಡಿದಿರೋ, ತಂತಿಯೇ ಉರಿದುಹೋಯಿತು. ಹತ್ತು ನಿಮಿಷದ ಕೆಲಸ, ಹೊಸದು ಕೊಳ್ಳುವುದಕ್ಕಿಂತ ಬಹಳ ಅಗ್ಗ. ಅದು ಮನೆಯಲ್ಲಿ ಓದೋಕೆ ಇರಲಿ, ಹೊಸದು ಬಸ್ಸಿಗೆ. ಬಸ್ ಇಳಿದು ಪಿ.ಬಿ. ರಸ್ತೆ ದಾಟುವಾಗ ಮಾತ್ರ ಅದು ಕುತ್ತಿಗೆಯಲ್ಲಿರಲಿ, ಕಿವಿಯಲ್ಲಿ ಬೇಡ.

ತಾಯಿ (ಮುಂದಿನ ಭಾನುವಾರ):
ತೆಗೆದುಕೊಂಡೆವು ಅಣ್ಣಾ. ಐದು ಹಾಕಿ ನೋಡಿದಳು. ಮೊದಲು ಮೆಚ್ಚಿದ್ದು ಕನ್ನಡಕಕ್ಕೆ ಒತ್ತಿತು, ತಾನೇ ಬಿಟ್ಟಳು. ಕಿವಿ ಪೂರ್ತಿ ಮುಚ್ಚುವುದು, ಆಕ್ಸ್ ಇದೆ, 1,750 ಆಯಿತು. ಕೆನೆ ಸಿಗಲಿಲ್ಲ, ತಿಳಿ ನೀಲಿ. ಉಳಿದ ದುಡ್ಡಿನಲ್ಲಿ ಬೆಣ್ಣೆ ದೋಸೆ ತಿಂದು ಬಂದೆವು.

ಉತ್ತರ:
ದೋಸೆ ತಿಂದ ಕೈಯಲ್ಲಿ ಪ್ಯಾಡ್ ಮುಟ್ಟಿಲ್ಲ ತಾನೆ? ಪರೀಕ್ಷೆ ಅಂತ ಬೀರುವಿನಲ್ಲಿ ಇಟ್ಟರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಬ್ಯಾಟರಿ ಏಳಲ್ಲ. ಬಿಲ್ಲಿನ ಫೋಟೋ ಇವತ್ತೇ ತೆಗೆದಿಡಿ. ಆ ನುಣುಪು ಕಾಗದದ ಅಕ್ಷರ ವಾರಂಟಿ ಮುಗಿಯುವ ಮೊದಲೇ ಅಳಿಸಿಹೋಗುತ್ತದೆ.